ಹೆಗ್ರಾದಿಂದ ಪೆಟ್ರಾವರೆಗೆ ಲೋಬಾನದ ದಾರಿ: ಎಲ್ಲಿಂದ ಶುರು ಮಾಡಲಿ?

ದಾರಿಹೋಕ:
ಪೆಟ್ರಾ ನೋಡಬೇಕು ಅನ್ನೋದು ಹಳೆಯ ಆಸೆ. ಆದರೆ ಓದುತ್ತಾ ಹೋದ ಹಾಗೆ, ಆ ಊರನ್ನು ಬೆಳೆಸಿದ ದಾರಿಯ ಮೇಲೇ ಮನಸ್ಸು ಜಾಸ್ತಿ ಹೋಗುತ್ತಿದೆ. ದಕ್ಷಿಣ ಅರೇಬಿಯಾದ ಲೋಬಾನ, ರಕ್ತಬೋಳ ಅನ್ನೋ ಸುಗಂಧದ ಅಂಟುಗಳು ಒಂಟೆಗಳ ಮೇಲೆ ಗಾಜಾದವರೆಗೆ ಹೋಗುತ್ತಿದ್ದವು. ಆ ಪ್ರಯಾಣಕ್ಕೆ 65 ತಂಗುದಾಣಗಳಿದ್ದವು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಪೂರ್ತಿ ದಾರಿ ನನ್ನಿಂದ ಆಗದು. ಸೌದಿಯ ಅಲ್-ಉಲಾ, ಜೋರ್ಡಾನಿನ ವಾದಿ ರಮ್ ಮರುಭೂಮಿ, ಪೆಟ್ರಾ, ಇವಿಷ್ಟನ್ನು ಸೇರಿಸಬೇಕು ಅಂತಿದ್ದೇನೆ. ಯಾವ ಕಡೆಯಿಂದ ಹೊರಡಲಿ? ಸುಮ್ನೆ ಫೋಟೋ ತೆಗೆದು ಬರುವ ಪ್ರವಾಸ ಆಗಬಾರದು.

ಮರಳಮೇಲೆ:
ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಸರಕು ಹೋಗುತ್ತಿದ್ದ ದಿಕ್ಕು ಅದು. ಪೆಟ್ರಾವನ್ನು ಮೊದಲು ನೋಡಿಬಿಟ್ಟರೆ ಉಳಿದದ್ದೆಲ್ಲ ಚಿಕ್ಕದಾಗಿ ಕಾಣುತ್ತದೆ. ಕೊನೆಗೆ ನೋಡಿದರೆ ಅದು ಅರ್ಥವಾಗುತ್ತದೆ.

ಇನ್ನೊಂದು ಮಾತು. ಗೋರಿಗಳ ಹಿಂದೆ ಹೋಗಬೇಡಿ, ನೀರಿನ ಹಿಂದೆ ಹೋಗಿ. ಪೆಟ್ರಾ, ಹೆಗ್ರಾ ಕಟ್ಟಿದ ಹಳೆಯ ಅರಬ್ ವ್ಯಾಪಾರಿ ಜನ ನಬಾಟಿಯನ್ನರು. ಅವರು ಈ ದಾರಿಯನ್ನು ಹಿಡಿದಿಟ್ಟುಕೊಂಡದ್ದು ನೀರಿನ ಗುಟ್ಟಿನಿಂದ. ನೆಲದಡಿ ಅವರು ತೊಟ್ಟಿಗಳನ್ನು ಅಗೆಯುತ್ತಿದ್ದರು, ಬಾಯಿ ತೀರಾ ಕಿರಿದು, ಒಳಗೆ ಹೋದಂತೆ ಅಗಲ, ಎಂದು ಗ್ರೀಕ್ ಬರಹಗಾರ ಡಯೊಡೋರಸ್ ಹೇಳುತ್ತಾನೆ. ಬಾಯಿ ಮುಚ್ಚಿ ತಮಗೆ ಮಾತ್ರ ಗೊತ್ತಾಗುವ ಗುರುತು ಇಟ್ಟು ಹೋಗುತ್ತಿದ್ದರು. ದಂಡೆತ್ತಿ ಬಂದವರು ಬಾಯಾರಿ ವಾಪಸ್ ಹೋಗಬೇಕಿತ್ತು.

ನಬಾಟಿಯನ್ನರ ಊರು ಹೆಗ್ರಾ ಅಲ್-ಉಲಾದಿಂದ ಸುಮಾರು 22 ಕಿಲೋಮೀಟರ್ ಉತ್ತರಕ್ಕಿದೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ, ಸೌದಿಯ ಮೊದಲ ತಾಣ. ಬಂಡೆಯಲ್ಲಿ ಕೊರೆದ 111 ದೊಡ್ಡ ಗೋರಿಗಳಿವೆ. ಒಂಟಿಯಾಗಿ ನಿಂತ ಖಸ್ರ್ ಅಲ್-ಫರೀದ್ ಗೋರಿಯ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವೂ ನಿಲ್ಲಿ, ಆದರೆ ಕೆಳಗಡೆ ನೋಡಿ. ಮೇಲಿನಿಂದ ಕೆತ್ತುತ್ತಾ ಬಂದು ಅರ್ಧಕ್ಕೆ ಬಿಟ್ಟಿದ್ದಾರೆ, ಉಳಿಯ ಗುರುತು ಹಾಗೇ ಇದೆ. ಕೆಲವು ಬಾಗಿಲುಗಳ ಮೇಲೆ ಬರಹವೂ ಇದೆ: ಗೋರಿ ಯಾರದು, ಯಾವ ವರ್ಷದ್ದು, ಬೇರೆಯವರನ್ನು ಇಲ್ಲಿ ಹೂಳಿದರೆ ದಂಡ ಎಷ್ಟು ಅಂತ. ನನಗೆ ಅಲ್ಲಿ ಕಲ್ಲಿಗಿಂತ ಮನುಷ್ಯರೇ ಹತ್ತಿರವಾದದ್ದು ಈ ಬರಹಗಳಿಂದ. ಇದರ ಜೊತೆಗೆ ಬಂಡೆಯಲ್ಲಿ ತೋಡಿದ ಸುಮಾರು 130 ಬಾವಿಗಳಿವೆ. ಮಾರ್ಗದರ್ಶಿಗೆ ಕೇಳಿ, ಒಂದನ್ನಾದರೂ ತೋರಿಸುತ್ತಾರೆ. ಇಡೀ ಊರು ನಿಂತಿದ್ದು ಅವುಗಳ ಮೇಲೆ.

ಅಲ್-ಉಲಾ ಹತ್ತಿರದ ಜಬಲ್ ಇಕ್ಮಾ ಬಿಡಬೇಡಿ. ಕಣಿವೆಯ ಗೋಡೆ ತುಂಬ ಶಾಸನ. ದಾದಾನ್ ಪಕ್ಕದಲ್ಲೇ ಇದೆ, ನಬಾಟಿಯನ್ನರಿಗಿಂತ ಹಿಂದಿನ ಊರು.

ಮುಂದೆ ತಬೂಕ್, ಹಕ್ಲ್, ಗಡಿ ದಾಟಿದರೆ ಅಕಬಾ. ಇಲ್ಲಿ ಬೇಗ ಸಾಗಿ.

ವಾದಿ ರಮ್‌ನಲ್ಲಿ ಜೀಪಿನವರು ಮರಳು ದಿಬ್ಬ, ಕಲ್ಲಿನ ಕಮಾನು ಅಂತ ಓಡಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಜಬಲ್ ರಮ್ ಬೆಟ್ಟದ ಬುಡದ ನಬಾಟಿಯನ್ ಗುಡಿಯ ಹತ್ತಿರ ಇಳಿಸಲು ಹೇಳಿ. ಆ ಬೆಟ್ಟದ ಮರಳುಗಲ್ಲು ಮಳೆ ನೀರನ್ನು ಕುಡಿಯುತ್ತದೆ. ಅಡಿಯ ಗ್ರಾನೈಟ್ ಕುಡಿಯುವುದಿಲ್ಲ. ಎರಡೂ ಸೇರುವ ಗೆರೆಯಲ್ಲಿ ಬುಗ್ಗೆಗಳು ಹೊರಡುತ್ತವೆ. ಗುಡಿಯ ಮೇಲ್ಭಾಗದ ಐನ್ ಶಲಾಲಾ ಬುಗ್ಗೆಗೆ ಹತ್ತಿ ಹೋದರೆ ಬಂಡೆಯ ಮೇಲೆ ನಬಾಟಿಯನ್ ಬರಹ ಸಿಗುತ್ತದೆ. ಗುಡಿ ಅಲ್ಲೇ ಯಾಕೆ ಕಟ್ಟಿದರು ಅಂತ ಆಮೇಲೆ ಯಾರೂ ಹೇಳಬೇಕಾಗಿಲ್ಲ.

ಪೆಟ್ರಾ ಕಡೆ ಹೋಗುವಾಗ ಹುಮೈಮಾ ಅನ್ನೋ ಹಳೆಯ ನಬಾಟಿಯನ್ ಊರು ನೋಡಿ. ಹೆಚ್ಚು ಜನ ಅತ್ತ ಹೋಗುವುದಿಲ್ಲ. ಬೆಟ್ಟದ ಬುಗ್ಗೆಗಳಿಂದ 26.5 ಕಿಲೋಮೀಟರ್ ಕಾಲುವೆ ಕಟ್ಟಿ ಬಯಲಿನ ಊರಿಗೆ ನೀರು ತಂದಿದ್ದಾರೆ. ಪಂಪಿಲ್ಲ, ಬರೀ ಇಳಿಜಾರು. ಇದನ್ನು ನೋಡದೆ ಈ ದಾರಿ ನೋಡಿದೆ ಅನ್ನೋದು ನನಗೆ ಒಪ್ಪಿಗೆಯಾಗದ ಮಾತು.

ಎರಡನೇಪಾಳಿ:
ಮೇಲಿನವರು ಹೇಳಿದ್ದು ಸರಿ. ಪೆಟ್ರಾಗೆ ಒಂದು ಸೇರಿಸುತ್ತೇನೆ. ಊರಿನ ಒಳಗೆ ಹೋಗುವ ಕಿರಿದಾದ ಸೀಕ್ ಕಣಿವೆ ಸುಮಾರು 1.2 ಕಿಲೋಮೀಟರ್. ಅದರ ಕೊನೆಗೆ ಬಂಡೆಯಲ್ಲಿ ಕೊರೆದ ಖಜಾನೆ ಕಟ್ಟಡ ಇದೆ, ಎಲ್ಲರೂ ಅದು ಯಾವಾಗ ಕಾಣುತ್ತದೋ ಅಂತ ಓಡುತ್ತಾರೆ. ನಿಧಾನ ಹೋಗಿ, ಗೋಡೆಯಲ್ಲಿ ಕೊರೆದ ಕಾಲುವೆ ಮತ್ತು ಮಣ್ಣಿನ ಕೊಳವೆ ಕೂತಿದ್ದ ಜಾಗ ನೋಡಿ. ಕಣಿವೆಯ ಬಾಯಲ್ಲೇ ಪ್ರವಾಹ ತಿರುಗಿಸಲು ಕೊರೆದ 88 ಮೀಟರ್ ಸುರಂಗವಿದೆ. ಇದು ಬರೀ ಇತಿಹಾಸ ಅಲ್ಲ. 1963ರಲ್ಲಿ ದಿಢೀರ್ ನೀರು ನುಗ್ಗಿ ಸೀಕ್‌ನಲ್ಲಿ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಮಳೆಯ ಎಚ್ಚರಿಕೆ ಕೊಟ್ಟ ದಿನ ಹೋಗಲೇಬೇಡಿ, ಟಿಕೆಟ್ ಹಾಳಾದರೂ ಪರವಾಗಿಲ್ಲ.

ದಾರಿಹೋಕ:
ಇಬ್ಬರಿಗೂ ಥ್ಯಾಂಕ್ಸ್. ಹುಮೈಮಾ ಹೆಸರೇ ಕೇಳಿರಲಿಲ್ಲ. ಎರಡು ಪ್ರಶ್ನೆ ಉಳಿದಿವೆ. ಅಮ್ಮ ಜೊತೆಗೆ ಬರುತ್ತಾರೆ, ಮಂಡಿ ನೋವಿದೆ. ಮತ್ತೆ, ಸೌದಿಯಲ್ಲಿ ತಗೊಂಡ ಬಾಡಿಗೆ ಕಾರಲ್ಲೇ ಗಡಿ ದಾಟಬಹುದಾ?

ಮರಳಮೇಲೆ:
ಬಾಡಿಗೆ ಕಾರನ್ನು ಗಡಿ ದಾಟಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ತಬೂಕ್‌ನಲ್ಲಿ ವಾಪಸ್ ಕೊಟ್ಟು, ಅಕಬಾದಲ್ಲಿ ಇನ್ನೊಂದು ತಗೊಳ್ಳಿ. ಹೆಗ್ರಾ ಒಳಗೂ ಸ್ವಂತ ಕಾರು ಬಿಡುವುದಿಲ್ಲ. ಮುಂಚೆ ಟಿಕೆಟ್ ಮಾಡಿಸಿ ಅವರ ಬಸ್ಸಲ್ಲೇ ಹೋಗಬೇಕು. ಅಮ್ಮನಿಗೆ ಅದು ಅನುಕೂಲವೇ.

ಪೆಟ್ರಾದ ಬೆಟ್ಟದ ಮೇಲೆ ಬಂಡೆಯಲ್ಲಿ ಕೊರೆದ ದೊಡ್ಡ ಕಟ್ಟಡ ಅದ್-ದೈರ್‌ಗೆ 800ಕ್ಕೂ ಹೆಚ್ಚು ಮೆಟ್ಟಿಲು. ಅಮ್ಮನನ್ನು ಹತ್ತಿಸಬೇಡಿ. ಕತ್ತೆಯ ಮೇಲೆ ಕೂರಿಸುತ್ತೇವೆ ಅಂತ ದುಂಬಾಲು ಬೀಳುತ್ತಾರೆ, ಆ ಮೆಟ್ಟಿಲಲ್ಲಿ ಅದು ಅಪಾಯ, ಪ್ರಾಣಿಗೂ ಹಿಂಸೆ. ಬದಲಿಗೆ ಹತ್ತಿರದಲ್ಲೇ ಇರುವ ಚಿಕ್ಕ ಪೆಟ್ರಾಕ್ಕೆ ಕರೆದುಕೊಂಡು ಹೋಗಿ. ನಡಿಗೆ ಕಡಿಮೆ. ಅಲ್ಲಿನ ಒಂದು ಕೋಣೆಯ ಚಾವಣಿಯಲ್ಲಿ ದ್ರಾಕ್ಷಿ ಬಳ್ಳಿ, ಹಕ್ಕಿಗಳ ಬಣ್ಣದ ಚಿತ್ರ ಇನ್ನೂ ಉಳಿದಿದೆ. ಕೆಲವು ಮೆಟ್ಟಿಲು ಹತ್ತಬೇಕು, ಕೈ ಹಿಡಿದುಕೊಳ್ಳಿ.

ಪ್ರವಾಸಿಗರಿಗೆ ಕೊಡುವ ಜೋರ್ಡಾನ್ ಪಾಸ್ ತಗೊಂಡರೆ ಪೆಟ್ರಾ ಟಿಕೆಟ್ ಅದರಲ್ಲೇ ಬರುತ್ತದೆ. ಕನಿಷ್ಠ ಮೂರು ರಾತ್ರಿ ಅಲ್ಲಿದ್ದರೆ ವೀಸಾ ಶುಲ್ಕವೂ ಉಳಿಯುತ್ತದೆ. ಆದರೆ ಗಡಿ ತಲುಪುವ ಮೊದಲೇ ಕೊಂಡಿರಬೇಕು. ಎರಡು ದಿನದ ಪೆಟ್ರಾ ಇರುವ ಪಾಸನ್ನೇ ಆರಿಸಿ.