ಸಹಾಯ ಬೇಕು: ಎಲೆಕ್ಟ್ರಿಕ್ ವೀಲ್‌ಚೇರ್ ಜೊತೆ ಮೊದಲ ಸಲ ಒಬ್ಬನೇ ವಿಮಾನದಲ್ಲಿ

ಎಲ್ಲರಿಗೂ ನಮಸ್ಕಾರ. ಬೆನ್ನುಹುರಿಗೆ ಪೆಟ್ಟು ಬಿದ್ದು ಆರು ವರ್ಷವಾಯಿತು. ಇಷ್ಟು ದಿನ ಎಲ್ಲಿಗೆ ಹೋದರೂ ಅಕ್ಕ ಜೊತೆಗಿರುತ್ತಿದ್ದಳು. ಈ ಸಲ ಒಬ್ಬನೇ ಹೋಗಬೇಕು ಅಂತ ಹಟ ಹಿಡಿದಿದ್ದೇನೆ. ದೊಡ್ಡ ಕೆಲಸವೇನಿಲ್ಲ, ಸುಮ್ನೆ ನಾಲ್ಕು ದಿನ ಸಮುದ್ರ ನೋಡಿ ಬರೋದು.

ಬ್ಯಾಟರಿ ವಿಷಯ ಓದಿಕೊಂಡಿದ್ದೇನೆ. ನನ್ನದು ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿ. 24 ವೋಲ್ಟ್, 10 ಆಂಪಿಯರ್ ಅವರ್, ಗುಣಿಸಿದರೆ 240 ವ್ಯಾಟ್ ಅವರ್. ಒಂದೇ ಇದ್ದರೆ 300ರವರೆಗೆ, ಎರಡಿದ್ದರೆ ತಲಾ 160ರವರೆಗೆ ಕ್ಯಾಬಿನ್‌ಗೆ ಒಯ್ಯಬಹುದು. ವಿಮಾನ ಕಂಪನಿಗೆ ಮೊದಲೇ ಹೇಳಿರಬೇಕು.

ಭಯ ಇರುವುದು ಕುರ್ಚಿಯದ್ದು. ಹಿಂದಿನ ಸಲ ಲಗೇಜ್ ಜಾಗದಿಂದ ವಾಪಸ್ ಬಂದಾಗ ಜಾಯ್‌ಸ್ಟಿಕ್ ವಾಲಿತ್ತು, ಫುಟ್‌ರೆಸ್ಟಿನ ಒಂದು ಬೋಲ್ಟೇ ಇರಲಿಲ್ಲ. ನೇರ ಹೋಗು ಅಂದರೆ ಗೋಡೆ ಕಡೆ ಹೋಗುತ್ತಿತ್ತು. ಈಗ ನಗು ಬರುತ್ತದೆ, ಆಗ ಬರಲಿಲ್ಲ. ಜಾಯ್‌ಸ್ಟಿಕ್ ಬಿಚ್ಚಿ ಕೈಯಲ್ಲೇ ಇಟ್ಟುಕೊಳ್ಳುವವರು ಇಲ್ಲಿದ್ದೀರಾ? ಅದರ ವೈರಿನ ತುದಿಗೆ ಏನು ಸುತ್ತುತ್ತೀರಿ?

ಇನ್ನೊಂದು, ವಿಮಾನದ ಸೀಟಿನ ಮೇಲೆ ನಮ್ಮದೇ ಕುಶನ್ ಹಾಕಿ ಕೂತರೆ ಬೆಲ್ಟ್ ಸರಿಯಾಗಿ ಬರುತ್ತಾ? ಒಮ್ಮೆ ಕೂತು ಕೂತು ಹುಣ್ಣಾಗಿ ಎರಡು ತಿಂಗಳು ಬೋರಲು ಮಲಗಿದ್ದೇನೆ. ಮತ್ತೆ ಬೇಡ.

ಹೋಟೆಲಿನವರನ್ನು ಕೇಳಿದರೆ 'ವೀಲ್‌ಚೇರ್ ಬರುತ್ತೆ ಸಾರ್' ಅಂತಾರೆ, ಹೋದರೆ ಬಾಗಿಲಲ್ಲೇ ಎರಡು ಮೆಟ್ಟಿಲು! ಅದಕ್ಕೇ ಈಗ ಬಚ್ಚಲ ಬಾಗಿಲಿಗೆ ಟೇಪ್ ಹಿಡಿದು ಫೋಟೋ ಕಳಿಸಿ ಅನ್ನುತ್ತೇನೆ. ಮಂಚದ ಎತ್ತರವನ್ನೂ ಕೇಳುತ್ತೇನೆ. ಬೇರೇನಾದರೂ ಕೇಳಬೇಕಾ?

ಮರಳಿನಲ್ಲಿ ಚಕ್ರ ಹೂತುಹೋಗುತ್ತೆ, ಅದಕ್ಕೂ ಯಾರಾದರೂ ಉಪಾಯ ಕಂಡುಕೊಂಡಿದ್ದರೆ ಹೇಳಿ. ಅಕ್ಕನಿಗೆ ಇನ್ನೂ ಹೇಳಿಲ್ಲ.