ಅಪ್‌ಡೇಟ್: ಗಾರ್ಡ್ ಪೇಜ್ ಇದ್ದರೂ ಪಕ್ಕದ ಥ್ರೆಡ್‌ನ ಡೇಟಾ ಕೆಡುತ್ತಿದ್ದ ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆ: ಲಿನಕ್ಸ್‌ನಲ್ಲಿ ಒಂದು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸಗಳಲ್ಲಿ ಒಂದು) ಓಡಿದಾಗ ಇನ್ನೊಂದರ ಡೇಟಾ ಕೆಡುತ್ತದೆ, ಆದರೆ ಕ್ರ್ಯಾಶ್ ಆಗುವುದಿಲ್ಲ, ಯಾಕೆ ಅಂತ. ಕಾರಣ ಸಿಕ್ಕಿತು. ಒಂದು ಫಂಕ್ಷನ್‌ನಲ್ಲಿ 64 ಕೆಬಿ ಲೋಕಲ್ ಅರೇ ಇತ್ತು. ಪ್ರತಿ ಥ್ರೆಡ್‌ಗೂ ಇಂಥ ಲೋಕಲ್ ಡೇಟಾ ಇಡಲು ಸ್ಟ್ಯಾಕ್ ಅನ್ನೋ ಮೆಮೊರಿ ಇರುತ್ತದೆ; ಅದರ ಕೊನೆಯಲ್ಲಿರುವ, ಮುಟ್ಟಿದರೆ ಕ್ರ್ಯಾಶ್ ಆಗುವ ಗಾರ್ಡ್ ಪೇಜ್ ಬರೀ 4 ಕೆಬಿ. ಸ್ಟ್ಯಾಕ್‌ನ ತುದಿ ಎಲ್ಲಿದೆ ಅಂತ ತೋರಿಸುವ ಸ್ಟ್ಯಾಕ್ ಪಾಯಿಂಟರ್ ಅದನ್ನು ಮುಟ್ಟದೆ ಒಂದೇ ನೆಗೆತಕ್ಕೆ ದಾಟಿ ಪಕ್ಕದ ಸ್ಟ್ಯಾಕ್‌ಗೆ ಇಳಿಯುತ್ತಿತ್ತು.

ನಿಮ್ಮಲ್ಲಿ ಕೆಲವರು ಕಂಪೈಲರ್‌ನ ಸ್ಟ್ಯಾಕ್ ಪ್ರೊಟೆಕ್ಟರ್ ಹಾಕಿ ಅಂದಿದ್ದಿರಿ. ಉಪಯೋಗ ಆಗಲಿಲ್ಲ. ಅದು ಹಿಡಿಯುವುದು ಅರೇ ಮೀರಿ ಬರೆದಿದ್ದನ್ನು; ನಮ್ಮ ಕೋಡ್ ಅರೇ ಒಳಗೇ ಬರೆಯುತ್ತಿತ್ತು.

ಕೆಲಸ ಮಾಡಿದ್ದು ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿಯಿಂದ ಇರುವ ಸ್ಟ್ಯಾಕ್ ಕ್ಲ್ಯಾಶ್ ಪ್ರೊಟೆಕ್ಷನ್ ಫ್ಲ್ಯಾಗ್. ಸೂಚಿಸಿದವರಿಗೆ ತುಂಬಾ ಥ್ಯಾಂಕ್ಸ್. ಮೊದಲ ಸಲ ಏನೂ ಬದಲಾಗಲಿಲ್ಲ, ಯಾಕಂದ್ರೆ ಆ ಫಂಕ್ಷನ್ ಇದ್ದದ್ದು ಬೇರೆಯಾಗಿ ಕಂಪೈಲ್ ಆದ ಸ್ಟ್ಯಾಟಿಕ್ ಲೈಬ್ರರಿಯಲ್ಲಿ. ಅದನ್ನೂ ಮತ್ತೆ ಕಂಪೈಲ್ ಮಾಡಿದ ಮೇಲೆ ಫಂಕ್ಷನ್ ಶುರುವಿನಲ್ಲೇ ಸೆಗ್‌ಫಾಲ್ಟ್ ಬಂತು, ಅಂದ್ರೆ ಗಾರ್ಡ್ ಪೇಜ್ ಮುಟ್ಟಿ ಕ್ರ್ಯಾಶ್ ಆಯಿತು. ಎಷ್ಟು ನೆಮ್ಮದಿ ಆಯಿತು ಗೊತ್ತಾ!

ಡಿಸ್‌ಅಸೆಂಬ್ಲಿ (ಕಂಪೈಲರ್ ತಯಾರಿಸಿದ ಯಂತ್ರದ ಸೂಚನೆಗಳು) ತೆರೆದು ನೋಡಿದೆ. ಸ್ಟ್ಯಾಕ್ ಪಾಯಿಂಟರ್‌ನಿಂದ 4096 ಕಳೆ, ಆ ಜಾಗಕ್ಕೆ ಸೊನ್ನೆಯನ್ನು ಆರ್ (OR) ಮಾಡು, ಮತ್ತೆ 4096 ಕಳೆ. ಅಲ್ಲಿರುವ ಬೆಲೆ ಬದಲಾಗುವುದಿಲ್ಲ, ಆದರೆ ಪ್ರತಿ ಪೇಜನ್ನೂ ಮುಟ್ಟಿದ ಹಾಗಾಯಿತು, ಅಲ್ವಾ? ಇಷ್ಟು ಸರಳ ಅಂತ ಗೊತ್ತಿರಲಿಲ್ಲ.

ಅರೇಯನ್ನು ಈಗ ಸ್ಟ್ಯಾಕ್‌ನಿಂದ ತೆಗೆದು ಹೀಪ್ ಅನ್ನೋ ಬೇರೆ ಮೆಮೊರಿಗೆ ಸರಿಸಿದ್ದೇನೆ. ಫ್ಲ್ಯಾಗ್ ಮಾತ್ರ ಎಲ್ಲ ಲೈಬ್ರರಿಗಳಿಗೂ ಹಾಗೇ ಇರುತ್ತದೆ.