ಅಪ್ಪ ಅಮ್ಮನದು ಕಂದು ಕಣ್ಣು, ಮಗುವಿನದು ನೀಲಿ: ತಳಿವಿಜ್ಞಾನಿಗೆ ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ತಂದೆ ತಾಯಿ ಇಬ್ಬರಿಗೂ ಕಂದು ಕಣ್ಣು. ಎರಡು ವರ್ಷದ ಮಗುವಿಗೆ ನೀಲಿ. ಇದು ಹೇಗೆ ಸಾಧ್ಯ? ಇಬ್ಬರದೂ ನೀಲಿ ಕಣ್ಣಾಗಿದ್ದರೆ ಕಂದು ಕಣ್ಣಿನ ಮಗು ಹುಟ್ಟುವುದೇ ಇಲ್ಲವೇ?

ಉತ್ತರ: ಮೊದಲನೆಯದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. 15ನೇ ಕ್ರೋಮೋಸೋಮಿನಲ್ಲಿ ಒಸಿಎ2 ಎಂಬ ಜೀನ್ ಇದೆ, ಕಣ್ಣು, ಚರ್ಮ, ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಿಗೆ ಅದು ಬೇಕು. ಅದರ ಪಕ್ಕದ ಎಚ್‌ಇಆರ್‌ಸಿ2 ಜೀನಿನೊಳಗಿನ ಒಂದೇ ಒಂದು ಡಿಎನ್‌ಎ ಅಕ್ಷರ ಒಸಿಎ2ಗೆ ಸ್ವಿಚ್ಚಿನ ಹಾಗೆ. ಆ ಜಾಗದ ಗುರುತು ಆರ್‌ಎಸ್12913832. ಅಲ್ಲಿ ಎ ಇದ್ದರೆ ಒಸಿಎ2 ಜೋರಾಗಿ ನಡೆಯುತ್ತದೆ, ಜಿ ಇದ್ದರೆ ಮಂದವಾಗುತ್ತದೆ. ಪ್ರತಿಯೊಬ್ಬರಲ್ಲೂ ಜೀನಿನ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ ಜಿ ಆದರೆ (ಜಿಜಿ) ಕಣ್ಣು ಸಾಮಾನ್ಯವಾಗಿ ನೀಲಿ. ತಂದೆ ತಾಯಿ ಇಬ್ಬರೂ ಎಜಿ ಆಗಿದ್ದರೆ ಪ್ರತಿ ಮಗುವಿಗೂ ಜಿಜಿ ಬರುವ ಸಾಧ್ಯತೆ 4ರಲ್ಲಿ 1.

ನೀಲಿ ಕಣ್ಣಿನಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ ಎಂಬುದನ್ನು ಗಮನಿಸಿ. ಕಣ್ಣಿನ ಬಣ್ಣದ ಭಾಗವಾದ ಐರಿಸ್ಸಿನ ಹಿಂಪದರದಲ್ಲಿ ನೀಲಿ ಕಣ್ಣಿನವರಿಗೂ ಮೆಲನಿನ್ ಇರುತ್ತದೆ. ಮುಂದಿನ ಪದರದಲ್ಲಿ ಅದು ತೀರಾ ಕಡಿಮೆಯಾದಾಗ ಬೆಳಕು ಚದುರಿ ಆಕಾಶದಂತೆ ನೀಲಿ ಕಾಣುತ್ತದೆ. ಸ್ವಲ್ಪ ಹೆಚ್ಚಿದ್ದರೆ ಹಸಿರು ಛಾಯೆ, ಬಹಳ ಇದ್ದರೆ ಕಂದು.

ಎರಡನೆಯದು ಅಪರೂಪ, ಆದರೆ ಆಗುತ್ತದೆ. ಆ ಸ್ವಿಚ್ಚು ದೊಡ್ಡದು ನಿಜ, ಒಂದೇ ಅಲ್ಲ. ಐಆರ್‌ಎಫ್4, ಟಿವೈಆರ್, ಎಸ್‌ಎಲ್‌ಸಿ24ಎ4 ಮೊದಲಾದ ಜೀನ್‌ಗಳೂ ಕೈ ಹಾಕುತ್ತವೆ. ಆದ್ದರಿಂದ ಮಗುವಿನ ಕಣ್ಣು ನೋಡಿ ತಂದೆ ಯಾರೆಂದು ಅನುಮಾನಿಸುವುದು ದೊಡ್ಡ ಅನ್ಯಾಯ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮರುಪ್ರಶ್ನೆ: ನನ್ನ ಡಿಎನ್‌ಎ ಪರೀಕ್ಷೆಯ ಕಚ್ಚಾ ಫೈಲಿನಲ್ಲಿ ಆ ಜಾಗಕ್ಕೆ "ಟಿಟಿ" ಎಂದಿದೆ. ಎ ಮತ್ತು ಜಿ ಮಾತ್ರ ತಾನೇ ಇರಬೇಕಾದದ್ದು?

ಉತ್ತರ: ಡಿಎನ್‌ಎಗೆ ಎರಡು ಎಳೆ. ಎ ಎದುರು ಟಿ, ಜಿ ಎದುರು ಸಿ. ನಿಮ್ಮ ಫೈಲು ಎದುರಿನ ಎಳೆಯನ್ನು ಓದಿದೆ, ನಿಮ್ಮ ಟಿಟಿ ಅಂದರೆ ಎಎ. ಫೈಲಿನ ಮೊದಲ ಸಾಲುಗಳಲ್ಲಿ ಯಾವ ಎಳೆ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ, ಮೊದಲು ಅದನ್ನು ಓದಿ. ಅಕ್ಷರಗಳ ಬದಲು ಎರಡು ಅಡ್ಡಗೆರೆ ಇದ್ದರೆ ಯಂತ್ರಕ್ಕೆ ಓದಲಾಗಿಲ್ಲ ಎಂದಷ್ಟೇ ಅರ್ಥ.

ನಿಜವಾಗಿ ಎಡವುವುದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ ಎಸ್‌ಎಲ್‌ಸಿ45ಎ2 ಜೀನಿನ ಆರ್‌ಎಸ್16891982 ಜಾಗದಲ್ಲಿ. ಅಲ್ಲಿನ ಎರಡು ರೂಪಗಳೇ ಸಿ ಮತ್ತು ಜಿ. ಎಳೆ ತಿರುವಿದರೂ ಮತ್ತೆ ಸಿ ಮತ್ತು ಜಿಯೇ ಬರುತ್ತವೆ! ತಿಳಿಬಣ್ಣದ ಜಿಜಿ ಇದ್ದವರು ಸಿಸಿ ಎಂದು ಓದಿಕೊಂಡರೆ ಫಲಿತಾಂಶ ಪೂರ್ತಿ ತಲೆಕೆಳಗು, ತಪ್ಪಾಗಿದೆ ಎಂಬ ಸುಳಿವೂ ಸಿಗುವುದಿಲ್ಲ.

ಪ್ರಶ್ನೆ: ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಬೆಳ್ಳಗೆ, ಒಬ್ಬರು ಕಪ್ಪಗೆ ಇರುವುದು ಯಾಕೆ ಮೇಡಂ? ಕಪ್ಪಗಿರುವವರಿಗೆ ಬಣ್ಣದ ಕೋಶಗಳು ಜಾಸ್ತಿಯೇ?

ಉತ್ತರ: ಅಲ್ಲ. ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಮೆಲನಿನ್ನನ್ನು ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಸುತ್ತಲಿನ ಚರ್ಮಕೋಶಗಳಿಗೆ ಹಂಚುತ್ತವೆ. ಗಾಢ ಚರ್ಮದಲ್ಲಿ ಈ ಚೀಲಗಳು ದೊಡ್ಡವು, ಬಿಡಿಬಿಡಿಯಾಗಿ ಹರಡಿರುತ್ತವೆ. ತಿಳಿ ಚರ್ಮದಲ್ಲಿ ಚಿಕ್ಕವು, ಗುಂಪುಗೂಡಿರುತ್ತವೆ.

ಚೀಲದೊಳಗೆ ಎಷ್ಟು, ಎಂಥ ಮೆಲನಿನ್ ಎಂಬುದನ್ನು ಹಲವು ಜೀನ್‌ಗಳು ಸೇರಿ ತೀರ್ಮಾನಿಸುತ್ತವೆ. 15ನೇ ಕ್ರೋಮೋಸೋಮಿನ ಎಸ್‌ಎಲ್‌ಸಿ24ಎ5, 5ನೆಯದರ ಎಸ್‌ಎಲ್‌ಸಿ45ಎ2, 11ನೆಯದರ ಟಿವೈಆರ್ ಈ ಮೂರನ್ನೇ ತೆಗೆದುಕೊಳ್ಳಿ. ಮೂರರಲ್ಲೂ ತಂದೆ ತಾಯಿ ಇಬ್ಬರ ಬಳಿ ಒಂದು ಗಾಢ, ಒಂದು ತಿಳಿ ಪ್ರತಿ ಇದ್ದರೆ, ಆರಕ್ಕೆ ಆರೂ ತಿಳಿ ಪ್ರತಿಗಳೇ ಒಂದು ಮಗುವಿಗೆ ಬರುವ ಸಾಧ್ಯತೆ 64ರಲ್ಲಿ 1. ಆರೂ ಗಾಢವಾಗುವುದಕ್ಕೂ ಅಷ್ಟೇ. ಉಳಿದವರೆಲ್ಲ ಇವೆರಡರ ನಡುವೆ. ಜೀನ್‌ಗಳು ಇನ್ನೂ ಹೆಚ್ಚಿರುವುದರಿಂದ ನಡುವಿನ ಮೆಟ್ಟಿಲುಗಳೂ ಹೆಚ್ಚು.

ಎಸ್‌ಎಲ್‌ಸಿ24ಎ5 ಪತ್ತೆಯಾದ ಬಗೆ ಚೆಂದ. ಮಾಸಲು ಪಟ್ಟೆಯ ಜೀಬ್ರಾಮೀನಿನಲ್ಲಿ ಕೆಟ್ಟಿದ್ದ ಜೀನ್ ಇದೇ ಎಂದು 2005ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ಈ ಪ್ರೋಟೀನಿನ 111ನೇ ಸ್ಥಾನದ ಅಲನಿನ್ ಎಂಬ ಅಮೈನೋ ಆಮ್ಲ ಹೋಗಿ ಥ್ರಿಯೋನಿನ್ ಬಂದರೆ ಚರ್ಮ ತಿಳಿಯಾಗುತ್ತದೆ. ಯುರೋಪಿನಲ್ಲಿ ಬಹುತೇಕ ಎಲ್ಲರಲ್ಲೂ ಥ್ರಿಯೋನಿನ್ನೇ, ದಕ್ಷಿಣ ಏಷ್ಯಾದಲ್ಲಿ ಎರಡೂ ರೂಪಗಳು ಬೆರೆತಿವೆ. ಪೂರ್ವ ಏಷ್ಯಾದವರ ತಿಳಿಬಣ್ಣಕ್ಕೆ ಮುಖ್ಯ ಕಾರಣ ಇದಲ್ಲ, ಬೇರೆ ಬದಲಾವಣೆಗಳು.

ಪ್ರಶ್ನೆ: ತಲೆಗೂದಲು ಕಂದು, ಗಡ್ಡ ಮಾತ್ರ ಕೆಂಪು. ಇದು ಕಾಯಿಲೆಯೇ?

ಉತ್ತರ: ಕಾಯಿಲೆಯಲ್ಲ. 16ನೇ ಕ್ರೋಮೋಸೋಮಿನ ಎಂಸಿ1ಆರ್ ಜೀನಿನ ಒಂದು ಪ್ರತಿ ದುರ್ಬಲವಾಗಿದ್ದರೂ ಹೀಗಾಗಬಹುದು. ಎರಡೂ ದುರ್ಬಲವಾದರೆ ಕೋಶಗಳು ಕಪ್ಪು ಯುಮೆಲನಿನ್ ಬಿಟ್ಟು ಕೆಂಪು-ಹಳದಿ ಫಿಯೋಮೆಲನಿನ್ ತಯಾರಿಸತೊಡಗುತ್ತವೆ, ತಲೆಗೂದಲೂ ಸಾಮಾನ್ಯವಾಗಿ ಕೆಂಪಾಗುತ್ತದೆ. ಇಂಥವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಚರ್ಮದ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಪ್ರಶ್ನೆ: ಹೊಂಗೂದಲು ಇದ್ದರೆ ಯುರೋಪಿನ ಮೂಲ ಎನ್ನಬಹುದೇ?

ಉತ್ತರ: ಹೇಳಲಾಗದು. ಸಾಲೊಮನ್ ದ್ವೀಪಗಳಲ್ಲಿ ಗಾಢ ಚರ್ಮದವರಿಗೂ ಹೊಂಗೂದಲು ಉಂಟು. 2012ರಲ್ಲಿ ಸಿಕ್ಕ ಕಾರಣ ಟಿವೈಆರ್‌ಪಿ1 ಜೀನಿನ ಒಂದು ಬದಲಾವಣೆ. ಯುರೋಪಿನ ಹೊಂಗೂದಲಿಗೆ ಇದು ಕಾರಣವೇ ಅಲ್ಲ.

ಪ್ರಶ್ನೆ: ಆಲ್ಬಿನಿಸಂ (ಹುಟ್ಟಿನಿಂದಲೇ ಮೆಲನಿನ್ ತೀರಾ ಕಡಿಮೆ ಇರುವ ಸ್ಥಿತಿ) ಇರುವ ಇಬ್ಬರು ಮದುವೆಯಾದರೆ ಮಕ್ಕಳಿಗೆಲ್ಲ ಅದೇ ಬರುತ್ತದೆಯೇ? ಏನು ಪರೀಕ್ಷೆ ಮಾಡಿಸಬೇಕು?

ಉತ್ತರ: ಇಬ್ಬರಲ್ಲೂ ಕೆಟ್ಟಿರುವುದು ಒಂದೇ ಜೀನ್ ಆದರೆ ಎಲ್ಲ ಮಕ್ಕಳಿಗೂ ಬರುತ್ತದೆ. ಒಬ್ಬರಲ್ಲಿ ಟಿವೈಆರ್, ಇನ್ನೊಬ್ಬರಲ್ಲಿ ಒಸಿಎ2 ಕೆಟ್ಟಿದ್ದರೆ ಮಕ್ಕಳಿಗೆ ಎರಡರದೂ ಒಂದೊಂದು ಒಳ್ಳೆಯ ಪ್ರತಿ ಸಿಕ್ಕಿ ಬಣ್ಣ ಬರುತ್ತದೆ, ಆದರೆ ಅವರು ಎರಡಕ್ಕೂ ವಾಹಕರು, ಅಂದರೆ ಕೆಟ್ಟ ಪ್ರತಿಯೊಂದು ಅವರಲ್ಲೂ ಇರುತ್ತದೆ. ಹಾಗಾಗಿ ಇಬ್ಬರೂ ಪರೀಕ್ಷೆ ಮಾಡಿಸಿ. ಪೂರ್ವಜರ ಮೂಲ ಹೇಳುವ ಚಿಪ್ ಪರೀಕ್ಷೆ ಇದಕ್ಕೆ ಸಾಲದು, ಅದು ಮೊದಲೇ ಆರಿಸಿಟ್ಟ ಅಕ್ಷರಗಳನ್ನಷ್ಟೇ ನೋಡುತ್ತದೆ. ಆಲ್ಬಿನಿಸಂ ಜೀನ್‌ಗಳನ್ನು ಪೂರ್ತಿ ಓದುವ ಸೀಕ್ವೆನ್ಸಿಂಗ್ ಬೇಕು. ಜೀನಿನ ತುಂಡೇ ಬಿಟ್ಟುಹೋಗಿರುವುದನ್ನೂ ಅದು ಹುಡುಕುತ್ತದೆಯೇ ಎಂದು ಲ್ಯಾಬಿನಲ್ಲಿ ಕೇಳಿ. ಒಂದೇ ಜೀನಿನಲ್ಲಿ ಎರಡು ಬದಲಾವಣೆ ಸಿಕ್ಕರೆ ನಿಮ್ಮ ತಂದೆ ತಾಯಿಯ ರಕ್ತವನ್ನೂ ಕೊಡಿ. ಎರಡೂ ಒಬ್ಬರಿಂದಲೇ ಬಂದಿದ್ದರೆ ಇನ್ನೊಂದು ಪ್ರತಿಯ ದೋಷ ಇನ್ನೂ ಸಿಕ್ಕಿಲ್ಲ ಎಂದಾಗುತ್ತದೆ.

ಇನ್ನೊಂದು ವಿಷಯ ಮರೆಯಬೇಡಿ. ಆಲ್ಬಿನಿಸಂ ಜೊತೆಗೆ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುವುದು, ಮೂಗಿನಿಂದ ಪದೇ ಪದೇ ರಕ್ತ ಬರುವುದು ಇದ್ದರೆ ಹರ್ಮನ್ಸ್ಕಿ-ಪುಡ್ಲಾಕ್ ಸಿಂಡ್ರೋಮ್ ಇರಬಹುದು. ಇದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಾಗಿಯೇ ಬರುತ್ತದೆ, ಕೆಲಸ ಮಾತ್ರ ಸರಿಯಿರುವುದಿಲ್ಲ. ಹಲ್ಲು ಕೀಳಿಸುವ ಅಥವಾ ಆಪರೇಷನ್ನಿನ ಮೊದಲೇ ವೈದ್ಯರಿಗೆ ಇದನ್ನು ಹೇಳಿ. ಅವರನ್ನು ಕೇಳದೆ ಆಸ್ಪಿರಿನ್ ತೆಗೆದುಕೊಳ್ಳಬೇಡಿ.